ಅಧಿಕ ಶ್ರಾವಣದ ಇಂಜೆಕ್ಷನ್

ನನ್ನ ಇಂಜೆಕ್ಷನ್ನಿನ ದಿನವನ್ನು ಗೊತ್ತು ಮಾಡುತ್ತಿದ್ದವರು ಡಾಕ್ಟರಲ್ಲ, ನಮ್ಮ ಅತ್ತೆ. ಅದೂ ಪಂಚಾಂಗ ನೋಡಿ. ಇದನ್ನು ಹೇಳಿದರೆ ಕೆಲವರು ನಗುತ್ತಾರೆ, ಕೆಲವರು ಅತ್ತೆಯನ್ನು ಬೈಯಲು ಶುರು ಮಾಡುತ್ತಾರೆ. ನಗುವವರು ನಗಲಿ. ಅತ್ತೆಯನ್ನು ಬೈಯುವ ಹಕ್ಕು ಮಾತ್ರ ಅವರ ಜೊತೆ ಇಷ್ಟು ವರ್ಷ ಒಂದೇ ಅಡುಗೆಮನೆಯಲ್ಲಿ ಏಗಿದ ನನ್ನೊಬ್ಬಳದು. ಬೇರೆಯವರಿಗೆ ಅದನ್ನು ನಾನು ಬಿಟ್ಟುಕೊಟ್ಟಿಲ್ಲ.

ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತಳಾದವಳು. ನಾನು ಪದ್ಯ ಓದಿಸುವಾಗ ಪಕ್ಕದ ಕ್ಲಾಸಿನಲ್ಲಿ ಲೆಕ್ಕ ತಪ್ಪುತ್ತದೆಂದು ಗಣಿತದ ಮೇಷ್ಟ್ರು ಹೆಡ್‌ಮಾಸ್ಟರ ಹತ್ತಿರ ದೂರು ಹೇಳಿದ್ದುಂಟು. ಅಂಥ ಗಂಟಲು. ಆ ಗಂಟಲನ್ನು ಸಂಜೆ ಹೊತ್ತು ಗಮಕಕ್ಕೆ ಬಳಸುತ್ತಿದ್ದೆ. ಹಳೆಯ ಕಾವ್ಯದ ಪದ್ಯಗಳನ್ನು ರಾಗದಲ್ಲಿ ಓದುವುದು ನನ್ನ ಪಾಲು, ಓದಿದ್ದನ್ನು ಬಿಡಿಸಿ ಹೇಳುವುದು ಪಕ್ಕದಲ್ಲಿ ಕೂರುವ ವ್ಯಾಖ್ಯಾನಕಾರರ ಪಾಲು. ಕೃಷ್ಣಮೂರ್ತಿಪುರಂನಲ್ಲಿ ನಮ್ಮ ಮನೆಗೆ ಎರಡು ಬೀದಿ ಆಚೆ ಒಂದು ಭಜನೆಮನೆಯಿದೆ. ಪ್ರತಿ ವರ್ಷ ಶ್ರಾವಣ ತಿಂಗಳು ಪೂರ್ತಿ ದಿನಾ ಸಂಜೆ ಅಲ್ಲಿ ನಮ್ಮ ಓದು ನಡೆಯುತ್ತಿತ್ತು. ಉಳಿದ ಹನ್ನೊಂದು ತಿಂಗಳು ನಾನು ಯಾರದೋ ಹೆಂಡತಿ, ಯಾರದೋ ಸೊಸೆ, ಇತ್ತೀಚೆಗೆ ಯಾರದೋ ಪೇಷೆಂಟು. ಶ್ರಾವಣದಲ್ಲಿ ಮಾತ್ರ ನಾನು ನಾನೇ. ಆ ತಿಂಗಳನ್ನು ಕಳೆದುಕೊಳ್ಳಲು ನಾನು ತಯಾರಿರಲಿಲ್ಲ.

ಗಮಕಕ್ಕೆ ರಾಗಜ್ಞಾನಕ್ಕಿಂತ ಮೊದಲು ಬೇಕಾದದ್ದು ಉಸಿರು. ಷಟ್ಪದಿಯಲ್ಲಿ ಆರು ಸಾಲು. ಮೊದಲೆರಡು ಸಾಲು ಗಿಡ್ಡ, ಮೂರನೆಯದು ಉದ್ದ. ಮತ್ತೆ ಎರಡು ಗಿಡ್ಡ, ಕೊನೆಯದು ಉದ್ದ. ಮೂರನೆಯ ಸಾಲಿನ ತುದಿಯಲ್ಲಿ ಯಾರಿಗೂ ಕಾಣದ ಹಾಗೆ ಒಂದಿಷ್ಟು ಗಾಳಿ ಕದ್ದು ಪದ್ಯದ ಕೊನೆ ಮುಟ್ಟಬೇಕು. ಮುಟ್ಟಿದರೆ ಕೇಳುವವರ ಮುಖ ಅರಳುತ್ತದೆ, ಮುಟ್ಟದಿದ್ದರೆ ಮುಂದಿನ ಸಾಲಿನಲ್ಲಿ ಕೂತವರು ನೀರು ತಂದುಕೊಡಲು ಏಳುತ್ತಾರೆ.

ಬಿ.ಪಿ. ಹತ್ತಾರು ವರ್ಷ ನನ್ನೊಳಗೆ ಸದ್ದಿಲ್ಲದೆ ಕೂತಿದ್ದು ಕಿಡ್ನಿಗಳನ್ನು ಸೊರಗಿಸಿತ್ತು. ಡಯಾಲಿಸಿಸ್ ಇನ್ನೂ ದೂರ, ಊಟದಲ್ಲಿ ಪಥ್ಯ ಮಾಡಿಕೊಂಡು ಮಾತ್ರೆ ನುಂಗಿಕೊಂಡು ಇರಬಹುದು ಎಂದಿದ್ದರು ನಜರ್‌ಬಾದಿನ ನಮ್ಮ ಡಾಕ್ಟರು. ಆಕೆ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಆದರೆ ಕಿಡ್ನಿ ಸೊರಗಿದರೆ ರಕ್ತವೂ ಕಡಿಮೆಯಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಹಿತ್ತಿಲಿನಿಂದ ಒಣಗಿದ ಬಟ್ಟೆ ತಂದು ಹಾಲಿಗೆ ಬರುವಷ್ಟರಲ್ಲಿ ಕುರ್ಚಿ ಬೇಕಾಗುತ್ತಿತ್ತು. ಸೊಪ್ಪು ತಿನ್ನಲಿಲ್ಲ, ಖರ್ಜೂರ ತಿನ್ನಲಿಲ್ಲ ಎಂದು ಅತ್ತೆ ನನ್ನನ್ನು ದಿನಾ ವಿಚಾರಿಸಿಕೊಳ್ಳುತ್ತಿದ್ದರು. ಒಮ್ಮೆ ಡಾಕ್ಟರ ಹತ್ತಿರ ಹೋದಾಗ ಅವರೂ ಜೊತೆಗೆ ಬಂದರು. ನನ್ನ ಮೇಲೆ ಚಾಡಿ ಹೇಳುವುದಕ್ಕೇ ಬಂದಿದ್ದರು ಎಂದು ನನ್ನ ಗುಮಾನಿ.

“ಅಜ್ಜಿ, ಇದು ಸೊಪ್ಪಿಂದ ಹೋಗೋದಲ್ಲ,” ಎಂದರು ಡಾಕ್ಟರು. “ರಕ್ತ ತಯಾರಾಗೋದು ಮೂಳೆ ಒಳಗೆ. ಇಷ್ಟು ತಯಾರು ಮಾಡು ಅಂತ ಹೇಳಿ ಕಳಿಸೋದು ಕಿಡ್ನಿ. ಇವರ ಕಿಡ್ನಿ ಹೇಳಿ ಕಳಿಸೋದನ್ನೇ ಕಡಿಮೆ ಮಾಡ್ಬಿಟ್ಟಿದೆ.”

“ಅಂದ್ರೆ ಅಡುಗೆಯವನಿದಾನೆ, ದಿನಸಿನೂ ಇದೆ. ಎಷ್ಟು ಎಲೆ ಹಾಕ್ತೀವಿ ಅಂತ ಹೇಳೋ ಯಜಮಾನ ಇಲ್ಲ,” ಎಂದರು ಅತ್ತೆ.

“ಅಷ್ಟೇ. ಆ ಯಜಮಾನನ ಮಾತನ್ನ ಈ ಇಂಜೆಕ್ಷನ್ ಹೇಳತ್ತೆ.”

ಮೊದಮೊದಲು ಆ ಯಜಮಾನ ಗಂಟಲು ಹರಿದುಕೊಳ್ಳಬೇಕಿತ್ತು. ವಾರ ವಾರವೂ ಹೊಟ್ಟೆಗೆ ಸೂಜಿ. ನನಗೆ ಸೂಜಿಯೆಂದರೆ ಹೆದರಿಕೆಯಿಲ್ಲ, ಬೇಜಾರು. ಕೆಲವು ತಿಂಗಳಾದ ಮೇಲೆ ಡಾಕ್ಟರು ಬೇರೆ ಔಷಧಿಗೆ ಬದಲಾಯಿಸಿದರು. ಇದು ಮೈಯಲ್ಲಿ ತುಂಬಾ ದಿನ ಉಳಿದು ನಿಧಾನವಾಗಿ ಕೆಲಸ ಮಾಡುತ್ತದೆ, ತಿಂಗಳಿಗೊಂದು ಸಾಕು ಎಂದರು. ತಿಂಗಳಿಗೊಂದು. ಆ ಮಾತು ಅತ್ತೆಯ ಕಿವಿಗೆ ಬಿತ್ತು, ಅಲ್ಲಿಂದ ನನ್ನ ರಕ್ತ ಅವರ ಆಡಳಿತಕ್ಕೆ ಸೇರಿತು.

ನಮ್ಮ ಅತ್ತೆಗೆ ಆಗ ಎಂಬತ್ತು ದಾಟಿತ್ತು. ಮಂಡಿ ನೋವಿಲ್ಲ, ಸಕ್ಕರೆಯಿಲ್ಲ, ಬಿ.ಪಿ.ಯಿಲ್ಲ. ಅವರ ಮಾವನವರು ಅರಮನೆಯ ಜೋಯಿಸರ ಕಚೇರಿಯಲ್ಲಿ ಕೆಲಸಕ್ಕಿದ್ದವರಂತೆ. ಆ ಮನೆಗೆ ಸೊಸೆಯಾಗಿ ಬಂದ ಅತ್ತೆಗೆ ತಿಥಿಗಳೇ ದಿನಗಳು. ಗೋಡೆಯ ಮೇಲೆ ನೇತಾಡುತ್ತಿದ್ದ ಬ್ಯಾಂಕಿನ ಕ್ಯಾಲೆಂಡರನ್ನು ಹಾಲಿನವನು ಬರದ ದಿನಕ್ಕೆ ಗುರುತು ಹಾಕಲು ಮಾತ್ರ ಬಳಸುತ್ತಿದ್ದರು. ನನ್ನ ಗಂಡ ಮೇಟಗಳ್ಳಿಯ ಕಾರ್ಖಾನೆಯಲ್ಲಿದ್ದಷ್ಟು ಕಾಲವೂ ಅವರಿಗೆ ಸಂಬಳ ಬಂದದ್ದು ತಾರೀಖು ಒಂದಕ್ಕಲ್ಲ, ಒಂದೊಂದು ತಿಂಗಳು ತದಿಗೆಗೆ, ಇನ್ನೊಂದು ತಿಂಗಳು ಪಂಚಮಿಗೆ.

ಏಕಾದಶಿ ಉಪವಾಸದ ದಿನ, ಮೈಗೆ ಏನೂ ಸೇರುವ ಹಾಗಿಲ್ಲ. ಹಾಗಾಗಿ ನನ್ನ ಇಂಜೆಕ್ಷನ್ ಶುದ್ಧ ದ್ವಾದಶಿಗೆ, ಅವರ ಪಾರಣೆಯ ಊಟ ಮುಗಿದ ಮೇಲೆ ಎಂದು ನಿಗದಿಯಾಯಿತು. ನನ್ನ ಗಂಡ ಅಂಗಡಿಯಿಂದ ಅದನ್ನು ಐಸ್ ತುಂಬಿದ ಫ್ಲಾಸ್ಕಿನಲ್ಲಿ ತರುತ್ತಿದ್ದರು. ಫ್ರಿಜ್ಜಿನ ಬಾಗಿಲಲ್ಲಿ ಇಡಬಾರದು, ಐಸ್ ಕಟ್ಟುವ ಕಡೆಯೂ ಇಡಬಾರದು, ನಡುವೆ ಇಡಬೇಕು ಎಂದು ಅಂಗಡಿಯವರು ಹೇಳಿದ್ದರು. ನಡುವಿನ ಖಾನೆ ನಮ್ಮ ಮನೆಯಲ್ಲಿ ಮಡಿ. ಅನ್ನ, ಸಾರು ಮಿಕ್ಕಿದ್ದು ಎಲ್ಲ ಕೆಳಗೆ, ನಡುವೆ ಹಾಲು, ಬೆಣ್ಣೆ, ದೇವರ ಹೂವು. ಅತ್ತೆ ಆ ಪೊಟ್ಟಣವನ್ನು ತಿರುಗಿಸಿ ಮುರುಗಿಸಿ ನೋಡಿ, ದೇವರ ಹೂವಿನ ಪಕ್ಕದಲ್ಲಿಟ್ಟರು. ನನ್ನ ಈರುಳ್ಳಿ ಗೊಜ್ಜಿಗೆ ಇಷ್ಟು ವರ್ಷದಲ್ಲಿ ಸಿಗದ ಜಾಗ ಅದಕ್ಕೆ ಒಂದೇ ದಿನದಲ್ಲಿ ಸಿಕ್ಕಿತು.

ದ್ವಾದಶಿಯ ದಿನ ಬೀದಿಯ ಕೊನೆಯ ಕ್ಲಿನಿಕ್ಕಿಗೆ ಹೋಗುತ್ತಿದ್ದೆವು. ಅಲ್ಲಿನ ಸಿಸ್ಟರು ಬಿ.ಪಿ. ನೋಡಿ, “ಒಂದ್ನಿಮಿಷ ಕಣ್ರೀ, ಚುಚ್ಬುಡ್ತೀನಿ,” ಎಂದು ಹೇಳಿ ಮುಗಿಸುವುದರೊಳಗೆ ಚುಚ್ಚಿಬಿಟ್ಟಿರುತ್ತಿದ್ದರು. ಚಾಂದ್ರಮಾನದ ತಿಂಗಳೂ ಡಾಕ್ಟರ ತಿಂಗಳೂ ಹೆಚ್ಚು ಕಡಿಮೆ ಒಂದೇ ಅಳತೆಯವು. ಆ ವರ್ಷವಿಡೀ ನನ್ನ ಹಿಮೋಗ್ಲೋಬಿನ್ ಡಾಕ್ಟರು ಬಯಸಿದಲ್ಲೇ ನಿಂತಿತ್ತು. ಆ ಸಲದ ಶ್ರಾವಣದಲ್ಲಿ ನನ್ನ ಓದು ಎಷ್ಟು ಚೆನ್ನಾಗಿತ್ತೆಂದರೆ ಹೊಗಳಿದವರ ಮಾತನ್ನು ನಾನೇ ಎರಡೆರಡು ಸಲ ಹೇಳಿಸಿಕೊಂಡೆ. ಅತ್ತೆ ಒಮ್ಮೆಯೂ ದಿನ ತಪ್ಪಿಸಿರಲಿಲ್ಲ. ನಾನು ಲೆಕ್ಕ ಇಡುವುದನ್ನೇ ಬಿಟ್ಟೆ.

ಮರುವರ್ಷ ಶ್ರಾವಣ ಎರಡು ಸಲ ಬಂತು. ಎರಡೂವರೆ ಮೂರು ವರ್ಷಕ್ಕೊಮ್ಮೆ ಪಂಚಾಂಗಕ್ಕೆ ಒಂದು ತಿಂಗಳು ಹೆಚ್ಚಿಗೆ ಸೇರುತ್ತದಲ್ಲ, ಅದು ಆ ಸಲ ಶ್ರಾವಣಕ್ಕೆ ಬಂದಿತ್ತು. ಮೊದಲು ಅಧಿಕ ಶ್ರಾವಣ, ಆಮೇಲೆ ನಿಜ ಶ್ರಾವಣ. ಅಧಿಕದಲ್ಲಿ ಮದುವೆಯಿಲ್ಲ, ಗೃಹಪ್ರವೇಶವಿಲ್ಲ. ಎದುರು ಮನೆಯವರು ಹಾಲು ಉಕ್ಕಿಸುವುದನ್ನು ಮುಂದಕ್ಕೆ ಹಾಕಿದರು. ನಮ್ಮ ಓದೂ ನಿಜ ಶ್ರಾವಣಕ್ಕೆ ಹೋಯಿತು. ಬೀದಿಗೆ ಬೀದಿಯೇ ಒಂದು ತಿಂಗಳು ಕೈಕಟ್ಟಿ ಕೂತಂತಿತ್ತು. ಆ ಸುಮ್ಮನಿರುವಿಕೆಯಲ್ಲಿ ನನ್ನ ಇಂಜೆಕ್ಷನ್ನೂ ಸುಮ್ಮನಿದ್ದದ್ದು ನನ್ನ ಗಮನಕ್ಕೆ ಬರಲಿಲ್ಲ.

ಓದಿಗೆ ಇನ್ನೊಂದು ವಾರವೂ ಇರಲಿಲ್ಲ. ಬೆಳಗ್ಗೆ ಅಭ್ಯಾಸಕ್ಕೆ ಕೂತವಳು ಮೂರನೆಯ ಸಾಲಿನ ಅರ್ಧಕ್ಕೆ ನಿಂತುಬಿಟ್ಟೆ. ಕೆಮ್ಮಿ, ನೀರು ಕುಡಿದು, ಮತ್ತೆ ಶುರು ಮಾಡಿದೆ. ಮತ್ತೆ ಅಲ್ಲೇ ನಿಂತಿತು. ಎದೆ ಹೊಡೆದುಕೊಳ್ಳುತ್ತಿತ್ತು. ಕನ್ನಡಿ ನೋಡಿದರೆ ತುಟಿಗೆ ಬಣ್ಣವೇ ಇಲ್ಲ. ನನಗೆ ನಿಜವಾಗಿಯೂ ಭಯವಾಯಿತು. ಕಿಡ್ನಿ ಪೂರ್ತಿ ಹೋಯಿತು, ಇನ್ನು ಡಯಾಲಿಸಿಸ್, ಇನ್ನು ಓದೂ ಇಲ್ಲ ಏನೂ ಇಲ್ಲ ಎಂದುಕೊಂಡೆ.

ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ಕಿಡ್ನಿ ಇದ್ದ ಹಾಗೇ ಇತ್ತು, ಹಿಮೋಗ್ಲೋಬಿನ್ ಮಾತ್ರ ಕೆಳಗಿಳಿದಿತ್ತು. ಎಲ್ಲಾದರೂ ರಕ್ತ ಹೋಗುತ್ತಿದೆಯೇ, ಜ್ವರ ಬಂದಿತ್ತೇ, ಕಬ್ಬಿಣದ ಅಂಶ ಎಷ್ಟಿದೆ ಎಂದು ಒಂದೊಂದಾಗಿ ನೋಡುತ್ತಾ ಹೋದರು. ಕಬ್ಬಿಣ ಸ್ವಲ್ಪ ಕಡಿಮೆಯಿತ್ತು. ಅಷ್ಟಕ್ಕೇ ಇಷ್ಟು ಇಳಿಯುವುದಿಲ್ಲ ಎಂದರು.

“ಇಂಜೆಕ್ಷನ್ ಸರಿಯಾಗಿ ತಗೋತಿದೀರಾ?”

“ತಿಂಗಳು ತಿಂಗಳು ತಗೋತಿದೀನಿ,” ಎಂದೆ ನಾನು, ಧೈರ್ಯವಾಗಿ.

“ಕಳೆದ ಸಲ ಯಾವಾಗ?”

ನಾನು ಜೊತೆಗೆ ಬಂದಿದ್ದ ಅತ್ತೆಯ ಕಡೆ ತಿರುಗಿದೆ. ಅತ್ತೆ, “ಆಷಾಢ ಶುದ್ಧ ದ್ವಾದಶಿ,” ಎಂದರು.

ಡಾಕ್ಟರು ನನ್ನ ಮುಖ ನೋಡಿದರು, ನಾನು ಅತ್ತೆಯ ಮುಖ ನೋಡಿದೆ. ಡಾಕ್ಟರು ಮೊಬೈಲಿನಲ್ಲಿ ದಿನ ಹುಡುಕಿದರು. “ಅಜ್ಜಿ, ಇದು ಏಳು ವಾರದ ಹತ್ರ ಆಯ್ತು. ನಡುವೆ ಒಂದು ಕೊಟ್ಟಿರ್ಬೇಕಲ್ಲ?”

“ನಡುವೆ ಎಲ್ಲಿ ಬರತ್ತಮ್ಮ? ಅದು ಅಧಿಕ ಮಾಸ ಅಲ್ವಾ? ಮುಂದಿಂದು ನಿಜ ಶ್ರಾವಣ ದ್ವಾದಶಿಗೆ. ಫ್ರಿಜ್ಜಲ್ಲಿ ಇದೆ, ಜೋಪಾನವಾಗಿ ಇಟ್ಟಿದೀನಿ.”

ಡಾಕ್ಟರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಆಕೆ ಪೆನ್ನು ಕೆಳಗಿಟ್ಟು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ನನಗೆ ನಗು ಬರಲಿಲ್ಲ. “ನನ್ನ ರಕ್ತಕ್ಕೆ ಅಧಿಕ ಮಾಸ ಗೊತ್ತಾಗತ್ತಾ ಅತ್ತೆ?” ಎಂದು ಹೊರಗೆ ಕೂತಿದ್ದವರಿಗೂ ಕೇಳಿಸುವ ಹಾಗೆ ಕೇಳಿದೆ. ಉಸಿರಿಲ್ಲದಿದ್ದರೂ ಸಿಟ್ಟಿಗೆ ಅದು ಹೇಗೋ ಒದಗಿಬಂತು.

ಅತ್ತೆ ಸೋಲುವವರಲ್ಲ. ಡಾಕ್ಟರ ಕಡೆಗೇ ತಿರುಗಿದರು. “ತಿಂಗಳು ಅಂದ್ರೆ ನಮಗೆ ಇದೇ ಕಣಮ್ಮ. ನೀವು ವಾರದ ಲೆಕ್ಕದಲ್ಲಿ ಹೇಳ್ಬೇಕಿತ್ತು. ವಾರಕ್ಕೆ ಅಧಿಕ ಇಲ್ಲ.”

“ನನ್ನದೇ ತಪ್ಪು ಅಜ್ಜಿ,” ಎಂದರು ಡಾಕ್ಟರು. “ನಾಲ್ಕು ವಾರಕ್ಕೊಂದು. ಇವತ್ತು ಬುಧವಾರ, ಇನ್ನು ಮೇಲೆ ಬುಧವಾರ.”

“ಬುಧವಾರ ಆದೀತು,” ಎಂದು ಅತ್ತೆ ಒಪ್ಪಿಗೆ ಕೊಟ್ಟರು.

ಅಂದೇ ಇಂಜೆಕ್ಷನ್ ಆಯಿತು, ಕಬ್ಬಿಣದ ಡ್ರಿಪ್ಪೂ ಆಯಿತು. ನಾನು ಡಾಕ್ಟರಿಗೆ ದುಂಬಾಲು ಬಿದ್ದೆ, ಓದು ಶುರುವಾಗುತ್ತಿದೆ, ತಪ್ಪಿದ್ದನ್ನೂ ಸೇರಿಸಿ ಎರಡು ಕೊಟ್ಟುಬಿಡಿ ಎಂದೆ. ಹಾಗೆಲ್ಲ ಸೇರಿಸಿ ಕೊಡುವಂತಿಲ್ಲ, ರಕ್ತ ದಿಢೀರನೆ ಏರಿದರೆ ಬಿ.ಪಿ. ಏರುತ್ತದೆ, ರಕ್ತ ಹೆಪ್ಪುಗಟ್ಟುವ ಅಪಾಯವಿದೆ ಎಂದರು. ಇದು ಆತುರದ ಔಷಧಿಯಲ್ಲ, ಎರಡು ಮೂರು ವಾರವಾದರೂ ಕಾಯಬೇಕು.

“ಓದಬಹುದಾ?”

“ಕೂತ್ಕೊಂಡು ಓದಿ. ಸುಸ್ತಾದ್ರೆ ನಿಲ್ಲಿಸಿ. ಎದೆ ನೋವು ಬಂದ್ರೆ ಆ ಕ್ಷಣ ನನಗೆ ಫೋನ್ ಮಾಡಿ. ಹಟ ಮಾಡಬೇಡಿ.”

ಮನೆಗೆ ಬಂದ ಮೇಲೆ ಎರಡು ದಿನ ನಾನು ಅತ್ತೆಯ ಜೊತೆ ಮಾತು ಬಿಟ್ಟೆ. ಅತ್ತೆ ತಪ್ಪಾಯಿತು ಎಂದು ಹೇಳಲಿಲ್ಲ, ಹೇಳುವ ಅಭ್ಯಾಸ ಅವರಿಗಿಲ್ಲ. ಆದರೆ ನನಗೆ ಮೊದಲು ಕಾಫಿ ಕೊಟ್ಟು ಆಮೇಲೆ ಮಗನಿಗೆ ಕೊಟ್ಟರು. ನನ್ನ ಗಂಡ ಲೋಟ ಸಿಗದೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನಮ್ಮಿಬ್ಬರನ್ನೂ ಬಾರಿ ಬಾರಿ ನೋಡಿದರು. ಈ ಸಲ ಬೇರೆ ಯಾರನ್ನಾದರೂ ಓದಲು ಕರೆಯಲು ಹೇಳಲೇ ಎಂದು ಕೇಳಿದರು. ನಾನು ನೋಡಿದ ನೋಟಕ್ಕೆ ಹಾಲಿಗೆ ಹೋದರು.

ನಿಜ ಶ್ರಾವಣದ ಮೊದಲ ಸಂಜೆ ಭಜನೆಮನೆ ತುಂಬಿತ್ತು. ಮುಂದಿನ ಸಾಲಿನಲ್ಲಿ ಅತ್ತೆ, ಎಂದಿನ ಹಾಗೆ ಮಡಿಲಲ್ಲಿ ಹತ್ತಿ ಇಟ್ಟುಕೊಂಡು ಹೂಬತ್ತಿ ಹೊಸೆಯುತ್ತಾ ಕೂತಿದ್ದರು. ವ್ಯಾಖ್ಯಾನ ಹೇಳುವವರು ಕಾಲೇಜಿನಲ್ಲಿ ಮೇಷ್ಟ್ರಾಗಿದ್ದವರು. ಒಂದು ಪದ್ಯಕ್ಕೆ ಅರ್ಧ ಗಂಟೆ ಮಾತಾಡುವ ಮನುಷ್ಯ. ಬೇರೆ ವರ್ಷ ನಾನು ಗಡಿಯಾರ ನೋಡಿ ಗಂಟಲು ಸರಿಮಾಡಿಕೊಂಡು ಅವರನ್ನು ನಿಲ್ಲಿಸುತ್ತಿದ್ದೆ. ಆ ಸಲ ಅವರ ಮಾತು ಉದ್ದವಾದಷ್ಟೂ ನನಗೆ ಪ್ರೀತಿ ಹೆಚ್ಚಿತು. ಆ ಹೊತ್ತಿನಲ್ಲಿ ಉಸಿರು ಕೂಡಿಟ್ಟುಕೊಳ್ಳುತ್ತಿದ್ದೆ.

ಮೊದಲ ಕೆಲವು ಪದ್ಯ ಹೇಗೋ ದಾಟಿದವು. ಆಮೇಲೆ ಯುದ್ಧಕ್ಕೆ ಹೊರಟ ವೀರ ಸಭೆಯಲ್ಲಿ ಗರ್ಜಿಸುವ ಪದ್ಯ ಬಂತು. ಎತ್ತರದ ಸ್ಥಾಯಿಯಲ್ಲಿ ಹಿಡಿದೆ. ಒಂದು ಸಾಲು, ಎರಡು ಸಾಲು. ಮೂರನೆಯ ಸಾಲಿನ ತುದಿಗೆ ಬರುವಷ್ಟರಲ್ಲಿ ಗಾಳಿ ಮುಗಿಯಿತು. ಬಾಯಿ ತೆರೆದೇ ಇದೆ, ಸ್ವರ ಬರುತ್ತಿಲ್ಲ. ಸಭೆ ಕಾಯುತ್ತಿತ್ತು. ಇಷ್ಟು ವರ್ಷದಲ್ಲಿ ಹಾಗಾಗಿರಲಿಲ್ಲ. ಕಣ್ಣಲ್ಲಿ ನೀರು ಬಂತು, ಪುಸ್ತಕ ಮುಚ್ಚಿಬಿಡೋಣ ಎಂದುಕೊಂಡೆ.

ಆಗ ಮುಂದೆ ಕೂತವರ ನಡುವಿನಿಂದ ಪದ್ಯದ ನಾಲ್ಕನೆಯ ಸಾಲು ಶುರುವಾಯಿತು.

ಅತ್ತೆ ತಲೆಯೆತ್ತಿರಲಿಲ್ಲ. ಬೆರಳು ಹೂಬತ್ತಿ ಹೊಸೆಯುತ್ತಲೇ ಇತ್ತು. ದಿನ ಬೆಳಗಾದರೆ ನನ್ನ ಅಭ್ಯಾಸವನ್ನು ಅಡುಗೆಮನೆಯಿಂದ ಕೇಳಿ ಕೇಳಿ ಅವರಿಗೆ ಪದ್ಯಗಳು ಬಾಯಿಗೆ ಬಂದಿದ್ದವು. ಪದ್ಯ ಮಾತ್ರ ಬಂದಿತ್ತು, ರಾಗ ಬಂದಿರಲಿಲ್ಲ. ಅವರಿಗೆ ಗೊತ್ತಿದ್ದದ್ದು ಒಂದೇ ಧಾಟಿ, ಆರತಿ ಎತ್ತುವಾಗ ಹೇಳುವ ಹಾಡಿನದು. ನಾನು ಗರ್ಜನೆಗೆ ಹಚ್ಚಿಟ್ಟಿದ್ದ ವೀರ ಅವರ ಪಾಲಿನ ಮೂರು ಸಾಲಿನಲ್ಲಿ ಮಗುವನ್ನು ತೂಗುವ ತಾಯಿಯ ಹಾಗೆ ಮೆತ್ತಗಾದ. ಉಸಿರು ಮಾತ್ರ ಭರ್ತಿಯಾಗಿತ್ತು, ಕೊನೆಯ ಉದ್ದನೆಯ ಸಾಲನ್ನು ಅವರು ಎಲ್ಲೂ ತಡೆಯದೆ ಮುಟ್ಟಿಸಿದರು. ಸಭೆಯಲ್ಲಿ ಯಾರೋ ನಕ್ಕರು, ಆಮೇಲೆ ಎಲ್ಲರೂ ನಕ್ಕರು, ನಾನೂ ನಕ್ಕೆ.

ಮೇಷ್ಟ್ರು ಮೈಕಿನಲ್ಲೇ, “ಅಮ್ಮಾ, ಅಲ್ಲಿ ಯಾಕೆ ಕೂತಿದೀರಿ, ಮೇಲೆ ಬನ್ನಿ,” ಎಂದು ಕರೆದರು.

“ಸಭೆ ಮುಂದೆ ನಾನೆಲ್ಲ ಕೂರಲ್ಲಪ್ಪ,” ಎಂದರು ಅತ್ತೆ. ನಾನು ಎರಡು ದಿನದಿಂದ ಮಾತು ಬಿಟ್ಟಿದ್ದೆನಲ್ಲ, ಬಾಯಿ ತೆರೆದೆ. “ಬನ್ನಿ ಅತ್ತೆ. ನನ್ನ ಕೈಲಿ ಆಗ್ತಿಲ್ಲ,” ಎಂದೆ. ಅವರು ಹತ್ತಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಎದ್ದು ಬಂದರು.

ಅಲ್ಲಿಂದ ದಿನಾ ಸಂಜೆ ಮೊದಲ ಮೂರು ಸಾಲು ನನ್ನದು, ಕೊನೆಯ ಮೂರು ಸಾಲು ಅತ್ತೆಯದು. ಶೋಕಕ್ಕೂ ಅವರದು ಆರತಿ ಧಾಟಿ, ಶೃಂಗಾರಕ್ಕೂ ಅದೇ. ರಾಗ ಬಲ್ಲ ಒಬ್ಬಿಬ್ಬರು ಹಿರಿಯರು ಮುಖ ಕಿವುಚಿದರು, ನಾನು ಅವರನ್ನು ನೋಡದ ಹಾಗೆ ಕೂತೆ. ಹೆಂಗಸರು ಮಾತ್ರ ಜಾಸ್ತಿ ಬರತೊಡಗಿದರು. ಅತ್ತೆಯ ಭಾಗ ಬಂದಾಗ ಅವರೂ ಸಣ್ಣಗೆ ದನಿ ಸೇರಿಸುತ್ತಿದ್ದರು. ಅತ್ತೆ ಮನೆಯಲ್ಲಿ ಬೆಳಗ್ಗೆಯೇ ಎದ್ದು, “ಇವತ್ತಿನ ಪದ್ಯ ಯಾವ್ದೇ?” ಎಂದು ಕೇಳುವುದು, ಬಿಳಿ ಸೀರೆಯೋ ಹಸಿರು ಸೀರೆಯೋ ಎಂದು ಯೋಚಿಸುವುದು, ಇವೆಲ್ಲ ಹೊಸದಾಗಿ ಶುರುವಾದವು. ಗಂಡ ಹೋದ ಮೇಲೆ ಸಂಭ್ರಮದ ಜಾಗಗಳಲ್ಲಿ ಹಿಂದೆಯೇ ನಿಲ್ಲುತ್ತಾ ಬಂದಿದ್ದ ಹೆಂಗಸು ಅವರು. ಮೈಕ್ ತಮ್ಮ ಕಡೆ ತಿರುಗದಿದ್ದರೆ ಈಗ ತಾವೇ ಕೈ ಹಾಕಿ ತಿರುಗಿಸಿಕೊಳ್ಳುತ್ತಿದ್ದರು.

ಮೂರನೆಯ ವಾರದಲ್ಲಿ ಒಂದು ದಿನ ಹಿತ್ತಿಲಿನಿಂದ ಬಟ್ಟೆ ತಂದವಳು ಕೂರುವುದನ್ನು ಮರೆತು ಮಡಿಸತೊಡಗಿದೆ. ತುಟಿಗೂ ಸ್ವಲ್ಪ ಬಣ್ಣ ಬಂದಿತ್ತು. ಮೂಳೆಯೊಳಗಿನ ಅಡುಗೆಯವನಿಗೆ ಯಜಮಾನನ ಮಾತು ತಲುಪಿತ್ತು. ರಕ್ತ ಪರೀಕ್ಷೆಯಲ್ಲೂ ಏರಿದ್ದು ಕಂಡು, ಹೀಗೇ ನಿಧಾನವಾಗಿ ಬರಲಿ ಎಂದು ಡಾಕ್ಟರು ಹೇಳಿದರು. ನಾನು ಮನೆಯಲ್ಲಿ ಯಾರಿಗೂ ಏನೂ ಹೇಳಲಿಲ್ಲ. ಸಂಜೆಯಾಗುವುದನ್ನೇ ಕಾದೆ.

ಆ ಸಂಜೆ ಮೊದಲ ಪದ್ಯ ಹಿಡಿದೆ. ಮೂರನೆಯ ಸಾಲು ಬಂತು, ತುದಿ ಬಂತು, ಒಳಗೆ ಇನ್ನೂ ಗಾಳಿಯಿತ್ತು. ಕದಿಯಬೇಕಾದ ಜಾಗದಲ್ಲಿ ಕದ್ದರೆ ಆರನೆಯ ಸಾಲಿಗೆ ನೆಟ್ಟಗೆ ಹೋಗಬಹುದು ಎಂದು ನನ್ನ ಎದೆಗೆ ಗೊತ್ತಾಯಿತು. ಏನು ಸಂತೋಷ ಅಂದರೆ, ಕೂತಲ್ಲೇ ಎರಡು ಅಂಗುಲ ಎತ್ತರವಾದೆ. ಓದುತ್ತಲೇ ಪಕ್ಕಕ್ಕೆ ಕಣ್ಣು ಹಾಯಿಸಿದೆ. ಅತ್ತೆ ಹಸಿರು ಸೀರೆ ಉಟ್ಟಿದ್ದರು. ಹತ್ತಿ ಕೆಳಗಿಟ್ಟಿದ್ದರು. ಮೈಕನ್ನು ಆಗಲೇ ಹತ್ತಿರ ಎಳೆದುಕೊಂಡು, ತಮ್ಮ ಸಾಲಿಗೆ ಬಾಯಿ ತೆರೆದು ಕಾಯುತ್ತಿದ್ದರು.

ನಾನು ನಿಲ್ಲಿಸಿದೆ. ಅವರು ಎತ್ತಿಕೊಂಡರು.

ಮನೆಗೆ ನಡೆದು ಬರುವಾಗ ಅತ್ತೆ ನನ್ನ ತೋಳು ಹಿಡಿದಿದ್ದರು. “ಇವತ್ತು ನಿನಗೆ ಉಸಿರಿತ್ತು,” ಎಂದರು.

“ಇರ್ಲಿಲ್ಲ ಅತ್ತೆ.”

“ನನಗೆ ಗೊತ್ತಾಗಲ್ವೇನೇ? ದಿನಾ ಕೇಳ್ತೀನಿ.”

ನಾಳೆಯ ಪದ್ಯ ಯಾವುದೆಂದು ನಾನು ಹೇಳತೊಡಗಿದೆ. ಅವರು ಮತ್ತೆ ಉಸಿರಿನ ಮಾತೆತ್ತಲಿಲ್ಲ. ಶ್ರಾವಣ ಮುಗಿಯಲು ಇನ್ನೂ ಒಂದು ವಾರವಿತ್ತು. ದಿನಾ ಸಂಜೆ ಯಾರಾದರೊಬ್ಬರು ನನ್ನ ಕೈ ಹಿಡಿದು, ಪಾಪ, ಇನ್ನೂ ಸರಿಹೋಗಲಿಲ್ಲವೇ ಎಂದು ಕೇಳುತ್ತಿದ್ದರು. ಅತ್ತೆ ಪಕ್ಕದಲ್ಲೇ ನಿಂತಿರುತ್ತಿದ್ದರು.

ಇಲ್ಲ, ಇನ್ನೂ ಆಗುತ್ತಿಲ್ಲ ಎಂದು ನಾನು ಹೇಳುತ್ತಿದ್ದೆ.